ಸುತಳಿಯ ತುದಿ

ಹೊಸ ಸುತಳಿಗೆ ಗೋಣಿಚೀಲದ ವಾಸನೆ ಇರುತ್ತದೆ. ಕಳೆದ ರವಿವಾರ ವಿಜಯಪುರದ ಮನೆಯಂಗಳದಲ್ಲಿ ನನ್ನ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಫ್ರೇಮು ಸೊಟ್ಟಗಾಗಿದೆಯೇ ನೋಡೋಣವೆಂದು ಸುತಳಿಯುಂಡೆ ಬಿಚ್ಚಿದೆ. ಆ ವಾಸನೆಯ ಬೆನ್ನಿಗೇ ಗೋಮೂತ್ರದ ವಾಸನೆಯೂ ಮೂಗಿಗೆ ಬಂತು. ಅಂಗಳದಲ್ಲಿ ದನವಿಲ್ಲ, ಕರುವಿಲ್ಲ. ಅದು ಮೂವತ್ತು ವರ್ಷ ಹಿಂದಿನದು.

ಆಗ ನಾನು ತಿಕೋಟಾದಲ್ಲಿ ದೊಡ್ಡವ್ವನ ಮನೆಯಲ್ಲಿದ್ದೆ, ಹೈಸ್ಕೂಲಿನಲ್ಲಿ ಹೊಸ ಮಾಸ್ತರ. ಹೊನವಾಡದಿಂದ ಬಸ್ಸಿಗೆ ಬರುತ್ತಿದ್ದ ಕ್ರಾಫ್ಟ್ ಮಾಸ್ತರರದು ನನ್ನ ಪಕ್ಕದ ಕುರ್ಚಿ. ಅವರ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಅರ್ಧ ನನಗೇ. ಜಾತಿಗೀತಿ ಎಲ್ಲ ಸುಳ್ಳು ಎಂದು ಹುಡುಗರ ಮುಂದೆ ಭಾಷಣ ಬಿಗಿಯುವವನು ಬೇರೆ ನಾನು! ಸೈಕಲ್ಲು ಎಡಕ್ಕೆ ಎಳೆಯುತ್ತದೆ ಎಂದದ್ದಕ್ಕೆ ಒಂದು ಸಂಜೆ ಅವರೇ ಮನೆಗೆ ಬಂದರು.

ಗಾಲಿ ಬಿಚ್ಚಿ, ಅದು ಕೂರುವ ಒಂದು ಕವಲಿಗೆ ಸುತಳಿ ಕಟ್ಟಿದರು. ಹ್ಯಾಂಡಲ್ಲಿನ ಕೆಳಗಿನ ಕೊಳವೆಗೆ ಸುತ್ತಿಸಿ ಹಿಂದಕ್ಕೆ ತಂದು, ಇನ್ನೊಂದು ಕವಲಿನ ಹತ್ತಿರ ತುದಿಯನ್ನು ನನ್ನ ಕೈಗಿತ್ತರು. ಸೀಟಿನ ಕೆಳಗಿನ ಕೊಳವೆಗೂ ಸುತಳಿಗೂ ನಡುವಿನ ಅಂತರ ಎರಡೂ ಬದಿ ಒಂದೇ ಇರಬೇಕು, ಅಷ್ಟೇ ವಿದ್ಯೆ.

“ಜಗ್ಗಿ ಹಿಡೀರಿ ಸರ, ಸಡ್ಲ ಬಿಡಬ್ಯಾಡ್ರಿ,” ಎಂದು ಸುತಳಿಗೆ ಬೆರಳು ತಾಗಿಸಿ, ಸ್ಕೇಲು ಹಿಡಿದು ಬಗ್ಗಿದರು.

ದೊಡ್ಡವ್ವ ಬಾಗಿಲಿಗೆ ಬಂದಳು. ಕ್ರಾಫ್ಟ್ ಮಾಸ್ತರರ ಜಾತಿಯವರನ್ನು ನಮ್ಮ ಮನೆಯಲ್ಲಿ ಮುಟ್ಟುತ್ತಿರಲಿಲ್ಲ. ಒಂದೇ ಸುತಳಿಯನ್ನು ಇಬ್ಬರೂ ಹಿಡಿದರೆ ಮೈಲಿಗೆ ಅದರ ಗುಂಟ ಹರಿದುಬರುತ್ತದೆಂದು ಆಕೆಯ ನಂಬಿಕೆ.

“ಬಿಡ್ ಲೇ ಅದನ್ನ!”

ಬಿಟ್ಟೆ. ಇಪ್ಪತ್ತಾರು ವರ್ಷದ ಗಂಡಸು, ಮಾಸ್ತರ… ಬಿಟ್ಟೇಬಿಟ್ಟೆ.

ಸುತಳಿ ಮಣ್ಣಿಗೆ ಬಿತ್ತು. ಅವರು ನನ್ನ ಮುಖ ನೋಡಲಿಲ್ಲ. ತುದಿ ಎತ್ತಿಕೊಂಡು ಕವಲಿಗೆ ತಾವೇ ಬಿಗಿದರು.

“ಇರ್ಲಿ ಬಿಡ್ರಿ, ಒಬ್ಬಾಂವನ ಮಾಡಾಕ ಬರ್ತೈತ್ರಿ.”

ಎಡಬದಿ ಅರ್ಧ ಬೆರಳು ಹೆಚ್ಚಿತ್ತು. ಕಾಲು ಕೊಟ್ಟು ಜಗ್ಗಿ, ಮತ್ತೆ ಅಳೆದು, ಸರಿಮಾಡಿ, ಕುಡಿಯಲು ನೀರೂ ಕೇಳದೆ ಹೋದರು. ದೊಡ್ಡವ್ವ ಸೈಕಲ್ಲಿಗೆಲ್ಲ ಗೋಮೂತ್ರ ಚಿಮುಕಿಸಿದಳು. ಮರುದಿನ ಅದೇ ನಾರುವ ಸೀಟಿನ ಮೇಲೆ ಕೂತು ಶಾಲೆಗೆ ಹೋದೆ. ಥೂ!

ಮಧ್ಯಾಹ್ನ ಅವರು ಎಂದಿನಂತೆ ಡಬ್ಬಿ ನನ್ನತ್ತ ಸರಿಸಿದರು. ನಾನೂ ಎಂದಿನಂತೆ ತಿಂದೆ. ಗೋಮೂತ್ರಕ್ಕಿಂತ ನನಗೆ ಹೇಸಿಗೆ ತರುವುದು ಆ ತುತ್ತು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಅವರಿಗೆ ಬಬಲೇಶ್ವರಕ್ಕೆ ವರ್ಗವಾಯಿತು. ಹೋದ ವರ್ಷ ತೀರಿಕೊಂಡರಂತೆ… ಇನ್ನು ಯಾರ ಮುಂದೆ ಹೇಳಲಿ?

ರವಿವಾರ ಸುತಳಿಯ ತುದಿ ಹಿಡಿದು ಕೂತವಳು ನನ್ನ ಹೆಂಡತಿ. ನಾನು ಸ್ಕೇಲು ಹಿಡಿದು ಬಗ್ಗಿದ್ದೆ.

“ಕೈ ನೋಯಾಕತ್ತಾವ, ಬಿಡ್ಲೇನ್ರಿ?”

“ಬಿಡಬ್ಯಾಡ!”

ನಾನು ಚೀರಿದ್ದಕ್ಕೆ ಅವಳು ಬೆಚ್ಚಿ, ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವತ್ತು ನಾನು ಮಾಡಬೇಕಾಗಿದ್ದದ್ದು ಇಷ್ಟೇ.