ಮಗ್ಗ ನಿಂತಾಗ ಗೊತ್ತಾತು

ನೋಡ್ರಿ ಗೆಳತ್ಯಾರ, ಇವತ್ತ ಅಮಾಸಿ, ಬನಹಟ್ಟ್ಯಾಗ ಮಗ್ಗ ಎಲ್ಲಾ ಬಂದ್. ಮನಿ ಗಪ್ಪಂತ ಇತ್ತು. ನನ್ನ ಮಗಳು ಗಂಗಿ ಬಂದು ಹೆಬ್ಬಟ್ಟು ಬಾಯಿಗೆ ಹಚ್ಚಿ ನೀರು ಬೇಡಿದ್ಲು. ದಿನಾ ಹಂಗ ಬೇಡತಾಳ. ಲಾಳಿ ಸಪ್ಪಳದಾಗ ನಾವೆಲ್ಲಾರೂ ಕೈಸನ್ನಿಲೇ ಮಾತಾಡೂದು. ಹಿಂಗಾಗಿ ಆಕಿ ಬಾಯಿ ಬಿಡೂದಿಲ್ಲಂತ ಯಾರ ಲಕ್ಷ್ಯಕ್ಕೂ ಬಂದಿದ್ದಿಲ್ಲ. ಇವತ್ತ ಸಪ್ಪಳ ಇಲ್ಲದಾಗೂ ಆಕಿ ಕೈಸನ್ನೀನ ಮಾಡಿದ್ಲು. ಮೂರು ವರ್ಷ ತುಂಬಿದ ಕೂಸು, ಇನ್ನೂ ‘ಅವ್ವಾ’ ಅಂದಿಲ್ಲ.

“ನಾಳೆ ಮಿರಜಕ್ಕ ದವಾಖಾನಿಗೆ ಇಕಿನ್ನ ಒಯ್ತೇನ್ರಿ” ಅಂತ ಅತ್ತಿಯವರ ಮುಂದ ಅಂದೆ.

ಅತ್ತಿ ನಕ್ಕರು. “ಹುಚ್ಚಿ, ಇಕಿ ಅಪ್ಪನೂ ತಡಾನ ಮಾತಾಡ್ಯಾನ. ಬಜಿ ಬೇರು ತೇಯ್ದು ನೆಕ್ಕಿಸು. ಸಾಲಿಗೆ ಹೋಗೂ ಹೊತ್ತಿಗೆ ಮಾತು ಬರತಾವ.”

“ಬಜಿ ನೆಕ್ಕಿಸ್ತೇನ್ರಿ. ಕಿವಿ ಕೇಳತಾವೋ ಇಲ್ಲೋ ಈಗ ತೋರಸಬೇಕು, ಸಾಲಿಗೆ ಹೋಗೂ ಹೊತ್ತಿಗೆ ಅಲ್ಲ.”

ಅತ್ತಿಯವರಿಗೆ ಸಿಟ್ಟು ಬಂತು. ಮಾತು ಬಿಟ್ಟು, ಹೋಗಬ್ಯಾಡ ಅಂತ ಕೈ ಅಡ್ಡ ಆಡಿಸಿದ್ರು. ಅದನ್ನ ನೋಡಿ ಗಂಗಿನೂ ನನಗ ಹಂಗ ಕೈ ಆಡಿಸಿದ್ಲು!

ನಮ್ಮೂರು ಮುಂಬೈ ರಾಜ್ಯದಾಗ ಐತಲ್ಲ, ನಾಳೆ ಮುಂಜಾನಿ ಆ ಸರಕಾರದ ಮೊದಲನೇ ಬಸ್ಸಿಗೆ ಹೊಂಟೇವಿ. ಅತ್ತಿ ಬಾಗಿಲಾಗ ನಿಂತು ಎಷ್ಟರ ಕೈ ಆಡಸಲಿ. ನಾ ತಿರುಗಿ ನೋಡೂದಿಲ್ಲ. ಗಂಗಿನ್ನೂ ಮುಂದಕ್ಕ ಮಾರಿ ಮಾಡಿ ಎತ್ಕೊಂತೇನಿ.