ಮೂರನೆಯ ಸ್ಕ್ರೂ ನಿಲ್ಲಬೇಕು

ಬೆಳಗಿನ ಆರೂವರೆ. ಹಲ್ಲಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಉಪಕರಣ ಶುದ್ಧಮಾಡುವ ಹಬೆಯ ಯಂತ್ರ ಬುಸುಗುಡುತ್ತಿದೆ. ಅದರಿಂದ ಟ್ರೇ ಹೊರತೆಗೆದು, ಐವತ್ತು ದಾಟಿದ ಸಹಾಯಕಿ ಒಂದೊಂದೇ ಸ್ಕ್ರೂ ಎಣಿಸುತ್ತಾರೆ. ಡಾಕ್ಟರಮ್ಮನಿಂದ ಕಾವಲುಗಾರನವರೆಗೆ ಎಲ್ಲರಿಗೂ ಇವರು ಅಕ್ಕ. ಸ್ಕ್ರೂ ಎಂದರೆ ಅಕ್ಕಿಕಾಳಿಗಿಂತ ತುಸು ಉದ್ದ, ಅಷ್ಟೇ. ವಕ್ರ ಹಲ್ಲನ್ನು ಎಳೆದು ಸರಿಪಡಿಸಲು ಗಟ್ಟಿಯಾದ ಗೂಟವೊಂದು ಬೇಕು. ಬೇರೆ ಹಲ್ಲಿಗೆ ಕಟ್ಟಿ ಎಳೆದರೆ ಅದೂ ಜಾಗ ಬಿಟ್ಟು ಬರುತ್ತದೆ. ಅದಕ್ಕೇ ಇದನ್ನು ಕೆಲ ತಿಂಗಳ ಮಟ್ಟಿಗೆ ದವಡೆಯ ಎಲುಬಿಗೆ ಕೂರಿಸುತ್ತಾರೆ. ಕೂರಿಸುವವರು ಡಾಕ್ಟರಮ್ಮ. ಉಳಿದದ್ದೆಲ್ಲ ಅಕ್ಕನ ಪಾಲು.

ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಹಾಸಿಗೆ ಹಿಡಿದಾಗ ಇಲ್ಲಿಗೆ ನೆಲ ಒರೆಸಲು ಬಂದವರು ಅವರು. ನೋಡುತ್ತ ನೋಡುತ್ತ ಈ ಕೆಲಸ ಕಲಿತರು. ಈಗ ದಿನಕ್ಕೆ ಮೂವತ್ತು ಬಾಯಿ, ಒಂಬತ್ತು ಗಂಟೆ ನಿಂತೇ ಕೆಲಸ, ಸಂಜೆಗೆ ಮಾತು ಕೇಳದ ಮಂಡಿ. ಅವರ ಮುಂದಿನ ಎರಡು ಹಲ್ಲು ಮಾತ್ರ ಒಂದರ ಮೇಲೊಂದು ಹತ್ತಿ ಕೂತಿವೆ. "ಊರವರದ್ದೆಲ್ಲ ನೆಟ್ಟಗಾಗ್ಲಿ, ಆಮೇಲೆ ನಂದು," ಎಂದು ನಗುತ್ತಾರೆ.

ಇವತ್ತು ಆ ನಗು ಸಲೀಸಾಗಿ ಬರುತ್ತಿಲ್ಲ. ಹತ್ತು ಗಂಟೆಗೆ ಹದಿನಾರರ ಹುಡುಗಿಯೊಬ್ಬಳು ಬರಲಿದ್ದಾಳೆ. ಅವಳಿಗೆ ಹಾಕಿದ ಸ್ಕ್ರೂ ಎರಡು ಸಲ ಸಡಿಲಗೊಂಡು ಬಿದ್ದಿದೆ. ಈಗಿರುವ ಮೂರನೆಯದೂ ಬಿದ್ದರೆ ದವಡೆಯ ಶಸ್ತ್ರಚಿಕಿತ್ಸೆಯೇ ಗತಿ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದಾರೆ.

ಎರಡನೆಯದು ಬಿದ್ದ ದಿನ ಎಲ್ಲರೂ ಹುಡುಗಿಯ ಎಲುಬನ್ನೇ ದೂರಿದರು. ಅಕ್ಕನಿಗೆ ಯಾಕೋ ಸಮಾಧಾನವಾಗಲಿಲ್ಲ. ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, "ಎಲ್ಲಿ, ಮನೇಲಿ ಉಜ್ಜೋ ಹಾಗೇ ಉಜ್ಜು ನೋಡೋಣ ಪುಟ್ಟಾ," ಎಂದರು. ಸರಾಗವಾಗಿ ಸಾಗಿದ್ದ ಬ್ರಷ್ ಸ್ಕ್ರೂ ಇದ್ದ ಜಾಗ ಬಂದೊಡನೆ ಮೇಲೆದ್ದು ಆಚೆ ಹೋಗಿ ಇಳಿಯಿತು.

"ಅಲ್ಯಾಕಮ್ಮ ಬಿಟ್ಟೆ?"

"ನೀವೇ ಹೇಳಿದ್ರಲ್ಲಕ್ಕಾ, ಅದನ್ನ ಮುಟ್ಟಲೇಬೇಡ ಅಂತ."

ಬೆರಳಿಂದ ತಿರುವಬಾರದು, ನಾಲಿಗೆಯಿಂದ ಕೆಣಕಬಾರದು ಎಂಬರ್ಥದಲ್ಲಿ ಅಕ್ಕ ಎಲ್ಲರಿಗೂ ಹೇಳುತ್ತಿದ್ದ ಮಾತದು. ಹುಡುಗಿ ಚಾಚೂ ತಪ್ಪದೆ ಪಾಲಿಸಿದ್ದಳು. ಸುತ್ತ ಕೊಳೆ ಕೂತು, ಒಸಡು ಊದಿ, ಸ್ಕ್ರೂ ಹಿಡಿತ ಕಳೆದುಕೊಂಡಿತ್ತು.

"ತಪ್ಪು ನಂದೇ ಅಂತ ಡಾಕ್ಟರಮ್ಮಂಗೆ ಹೇಳ್ದೆ. ಅವ್ರು ಬೈಲಿಲ್ಲ. ಬೈದಿದ್ರೇ ವಾಸಿ ಇತ್ತು," ಎನ್ನುತ್ತಾರೆ ಅಕ್ಕ.

ಮೂರನೆಯದನ್ನು ಕೂರಿಸಿದಂದಿನಿಂದ ಪ್ರತಿ ವಾರ ಹುಡುಗಿಯನ್ನು ಕರೆಸಿ, ಮೆತ್ತನೆಯ ಬ್ರಷ್‌ನಿಂದ ಸ್ಕ್ರೂ ಸುತ್ತ ಉಜ್ಜುವುದನ್ನು ಕೈ ಹಿಡಿದು ಕಲಿಸಿದ್ದಾರೆ. ಹಿಂದಿನ ಎರಡೂ ಆರು ವಾರ ದಾಟಿರಲಿಲ್ಲ. ಇವತ್ತಿಗೆ ಎಂಟು ವಾರ.

ಹತ್ತು ಗಂಟೆ. ಡಾಕ್ಟರಮ್ಮ ಚಿಮಟದಿಂದ ಸ್ಕ್ರೂ ತಲೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಬಾಗಿಲ ಬಳಿ ಹುಡುಗಿಯ ತಾಯಿ ನಿಂತಿದ್ದಾರೆ.

"ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಹಲ್ಲೂ ಎರಡು ಮಿಲಿಮೀಟರ್ ಸರಿದಿದೆ," ಎನ್ನುತ್ತಾರೆ ಡಾಕ್ಟರಮ್ಮ.

ಅಕ್ಕ ಕಣ್ಣೊರೆಸಲು ಹೋಗಿ, ಕೈಗವಸಿನ ನೆನಪಾಗಿ, ಹೆಗಲಿಗೇ ಉಜ್ಜಿಕೊಳ್ಳುತ್ತಾರೆ. ಇನ್ನೇನಾಸೆ ಎಂದು ಕೇಳಿದರೆ ಉತ್ತರಕ್ಕೆ ತಡಕಾಡುವುದಿಲ್ಲ.

"ಅದು ತಾನಾಗಿ ಬೀಳಬಾರದು. ಕೆಲಸ ಮುಗಿದ ದಿನ ನಾವೇ ತೆಗೀಬೇಕು. ಆವತ್ತು ಪಕ್ಕದಲ್ಲಿ ಟ್ರೇ ಹಿಡ್ಕೊಂಡು ನಾನೇ ನಿಂತಿರ್ಬೇಕು, ಅಷ್ಟೇ."