ಹಿಂದಿನ ಗಾಲಿಯ ನಟ್ಟು

ಒಂದು ನಟ್ಟಿಗಾಗಿ ಮೂರು ಊರು ತಿರುಗಿದವನು ನಾನು. ಈಗ ನೆನೆಸಿಕೊಂಡರೂ ತಲೆ ಕೆಡುತ್ತದೆ.

ನನ್ನ ಹೆಂಡತಿ ನಮ್ಮೂರು ಔರಾದದಿಂದ ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಬೆಳಗಿನ ಮೊದಲ ಬಸ್ಸು ಅವಳಿಗೆ ತೀರ ಬೇಗ, ಎರಡನೆಯದು ತೀರ ತಡ. ಮೊಣಕಾಲು ನೋವಿನಿಂದ ಪೆಡಲ್ ತುಳಿಯಲಾಗದು. ಹಾಗಾಗಿ ಬೀದರಿನ ಅಂಗಡಿಯೊಂದರಲ್ಲಿ ಮನೆಯ ಸೈಕಲ್ಲಿಗೆ ಮೋಟಾರಿರುವ ಹಿಂದಿನ ಗಾಲಿ ಮತ್ತು ಬ್ಯಾಟರಿ ಹಾಕಿಸಿಕೊಂಡು ಬಂದೆ. ನಲವತ್ತು ದಾಟಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಹಂಗೂ ಇಲ್ಲದೆ ಹೋಗಿ ಬರತೊಡಗಿದಳು. ಅವಳ ಖುಷಿ ನೋಡಿ ನನಗೂ ಜಂಭ ಬಂದಿತ್ತು.

ದಸರೆ ಬಂತು. ಖಂಡೆಪೂಜೆಯೆಂದರೆ ನಮ್ಮ ಮನೆಯಲ್ಲಿ ಕುಡುಗೋಲಿನಿಂದ ಹಿಡಿದು ಮಿಕ್ಸರಿನವರೆಗೆ ಎಲ್ಲಕ್ಕೂ ಕುಂಕುಮ. ನಾನೇ ಗಾಲಿ ಬಿಚ್ಚಿ ಒರೆಸಿ, ಬಿಡಿ ಸಾಮಾನನ್ನು ತಾಟಿನಲ್ಲಿ ದೇವರ ಮುಂದಿಟ್ಟೆ. ಅವ್ವ ಒಂದೊಂದಕ್ಕೂ ಕುಂಕುಮ ಹಚ್ಚಿದಳು. ಮರುದಿನ ನಾನೇ ಮತ್ತೆ ಕೂಡಿಸಿದೆ.

ವಾರ ಕಳೆಯಲಿಲ್ಲ, ಗಾಲಿಯ ನಟ್ಟು ಸಡಿಲವಾಗತೊಡಗಿತು. ನಾನು ಬಿಗಿಯುವುದು, ಅದು ಸಡಿಲಾಗುವುದು. ಔರಾದದ ಹಾರ್ಡ್‌ವೇರ್ ಅಂಗಡಿಯವನು ಕೊಟ್ಟ ಹೊಸ ನಟ್ಟು ಎರಡು ಸುತ್ತು ತಿರುಗಿ ಸಿಕ್ಕಿಬಿತ್ತು. ಥ್ರೆಡ್ಡೇ ಬೇರೆಯಂತೆ! ಇದನ್ನು ಕೊಡುವ ಮುಂಚೆ ಹೇಳಬಾರದೇ ಆ ಪುಣ್ಯಾತ್ಮ? ಬಸ್ಸು ಹಿಡಿದು ಬೀದರಿಗೆ ಹೋದೆ. ಅಲ್ಲಿ ಸೈಕಲ್ ಸಾಮಾನಿನ ಅಂಗಡಿಯವನು ಅಗಲ ಬುಡದ ನಟ್ಟೊಂದನ್ನು ಅಂಗೈಯಲ್ಲಿ ಕುಣಿಸಿ ತೋರಿಸಿದ.

"ಇದು ಪಕ್ಕಾ ಮಾಲ್ ಅದರಿ. ಕಣ್ಣು ಮುಚ್ಚಿ ಒಯ್ರಿ."

ಕಣ್ಣು ಮುಚ್ಚಿಯೇ ಒಯ್ದೆ. ನಾಲ್ಕನೇ ದಿನ ನಡುದಾರಿಯಲ್ಲಿ ಗಾಲಿ ವಾಲಿ ಅವಳು ಬಿದ್ದಳು. ಹಿಂದೆ ಬರುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಬ್ರೇಕ್ ಹಾಕಿದ್ದಕ್ಕೆ ಉಳಿದಳು. ಮೊಣಕೈ ಸುಲಿದಿತ್ತು. ಮನೆಗೆ ಬಂದವಳು ಸೈಕಲ್ಲನ್ನು ಗೋಡೆಗೆ ಒರಗಿಸಿ ಹೇಳಿದಳು:

"ಇನ್ನೊಂದ್ ಸಲ ಹಿಂಗಾದ್ರ ನಾ ಈ ಸೈಕಲ್ ಮುಟ್ಟಂಗಿಲ್ಲರಿ. ಕೆಲಸಾನೂ ಬಿಟ್ಟುಬಿಡ್ತೇನಿ."

ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವಳು ಮೆತ್ತಗೆ ಅಂದಳು.

ಭಾಲ್ಕಿಯಲ್ಲಿ ಮೋಟಾರ್ ರಿಪೇರಿ ಮಾಡುವವನೊಬ್ಬನಿದ್ದಾನೆ, ಕೈ ಚಲೋ ಅದ ಎಂದು ಯಾರೋ ಹೇಳಿದರು. ಬರೀ ಅಳತೆ ಹೇಳಿ ಸಾಕಾಗಿತ್ತು. ಈ ಸಲ ಗಾಲಿಯನ್ನೇ ಬಿಚ್ಚಿಕೊಂಡು ಹೊರಟೆ. ಮೋಟಾರಿನ ಗಾಲಿಯೆಂದರೆ ಹಗುರವೇ? ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಂದು ಗಾಲಿಯನ್ನೂ ನನ್ನನ್ನೂ ನೋಡಿ, "ಇದಕ್ಕೂ ಟಿಕೆಟ್ ತಗೋಬೇಕಾಗ್ತದರಿ" ಅಂದ. ಪಕ್ಕದ ಸೀಟಿನ ಮುದುಕ, "ಉಳದ್ ಸೈಕಲ್ ಎಲ್ಲಿ ಬಿಟ್ಟು ಬಂದ್ರಿ?" ಅಂತ ಕೇಳಿ ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಿದ್ದ.

ಭಾಲ್ಕಿಯ ಮೆಕ್ಯಾನಿಕ್ ನಟ್ಟನ್ನು ಮುಟ್ಟಲೇ ಇಲ್ಲ. ಆಕ್ಸಲ್ಲಿನ ತುದಿ ನೋಡಿ ಕೇಳಿದ:

"ಇದರ ಹಲ್ಲಿನ ವಾಶರ್ ಎಲ್ಲದರಿ?"

"ಎಂಥಾ ವಾಶರ್?"

ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ. ದುಂಡಗಿನ ಬಿಲ್ಲೆ, ನಡುವೆ ತೂತು, ಅಂಚಿಗೆ ಒಂದೇ ಒಂದು ಹಲ್ಲು. "ಆ ಹಲ್ಲು ಸೈಕಲ್ಲಿನ ಫೋರ್ಕಿನ ಸಂದಿಯೊಳಗ ಕೂತು ಆಕ್ಸಲ್ ಗಟ್ಟಿ ಹಿಡಿತದರಿ. ಅದಿಲ್ಲಂದ್ರ ಮೋಟಾರ್ ತಿರುಗಿದಂಗ ಆಕ್ಸಲ್ಲೂ ತಿರುಗ್ತದ. ಬಂಗಾರದ ನಟ್ ಹಾಕ್ರಿ, ಸಡಿಲಾಗೇ ಆಗ್ತದ."

ಅವನ ಹತ್ತಿರ ಆ ವಾಶರ್ ಇರಲಿಲ್ಲ. ಒಳಗೆ ನೈಲಾನ್ ಬಳೆ ಇರುವ ನಟ್ಟು ಕೊಟ್ಟು, "ವಾಶರ್ ಸಿಗೋತನ ಸೈಕಲ್ ಹೊರಗ ತೆಗಿಬ್ಯಾಡ್ರಿ" ಅಂದ. ಮೋಟಾರು ಕೂಡಿಸಿದ ಬೀದರಿನವನು ವಾಶರ್ ಹಾಕದೇ ಮೋಸ ಮಾಡಿದ್ದಾನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನ ವಂಶವನ್ನೆಲ್ಲ ಜಾಲಾಡಿದೆ.

ಮನೆ ಮುಟ್ಟಿದಾಗ ಅವ್ವ ಸಂಜೆಯ ದೀಪ ಹಚ್ಚುತ್ತಿದ್ದಳು. ದೇವರ ಜಗಲಿಯ ಮೇಲೆ ಬೆಳ್ಳಿ ತಗಡಿನ ಕುಲದೇವರುಗಳ ಸಾಲು. ಆ ಸಾಲಿನ ಕೊನೆಯಲ್ಲಿ, ಮೈತುಂಬ ಕುಂಕುಮ ಮೆತ್ತಿಕೊಂಡು, ತಲೆಯ ಮೇಲೊಂದು ಚೆಂಡುಹೂ ಇಟ್ಟುಕೊಂಡು ಕೂತಿತ್ತು ಹಲ್ಲಿನ ವಾಶರ್.

"ಅವ್ವಾ! ಇದು ಇಲ್ಲಿಗಿ ಹ್ಯಾಂಗ ಬಂತು?"

"ಖಂಡೆಪೂಜಿ ಮರುದಿನ ತಾಟಿನಾಗ ಉಳದಿತ್ತು. ಇದೇನೋ ಉಳದದಲ್ಲೋ ಅಂತ ನಾ ಕೇಳಿದ್ರ, ಜಾಸ್ತಿ ಬಂದದ್ದಿರಬೇಕು ಇಟ್ಟುಬಿಡು ಅಂದಿದ್ದಿ."

ಅಂದಿದ್ದೆ. ನಟ್ಟು ಬಿಗಿಯುವ ಪಾನಾ ಹಿಡಿದು ಬಗ್ಗಿದ್ದವನು ತಲೆ ಎತ್ತಿಯೂ ನೋಡಿರಲಿಲ್ಲ.

"ಇಟ್ಟುಬಿಡು ಅಂದ್ರ ದೇವರ ಜಗಲಿ ಮ್ಯಾಲ ಇಡ್ತಾರೇನವ್ವಾ?"

"ಮತ್ತೆಲ್ಲಿ ಇಡ್ಲಿ? ಪೂಜಿ ಆದ ಸಾಮಾನ ತಿಪ್ಪಿಗಿ ಒಗಿಲೇನು? ಸೊಸಿ ದಿನಾ ಒಬ್ಬಾಕಿನೇ ಅಷ್ಟು ದೂರ ಹೋಗ್ತಾಳ. ಬೀಳಬಾರದು ತಾಯಿ ಅಂತ ದಿನಾ ಅದಕ್ಕ ಕುಂಕುಮ ಹಚ್ಚಿ ಕೈ ಮುಗೀತೇನಿ."

ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯಲಿಲ್ಲ. ಮೊಣಕೈಗೆ ಪಟ್ಟಿ ಕಟ್ಟಿಕೊಂಡ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದವಳು ಮೊದಲು ಅವ್ವನಿಗೆ, "ಅತ್ತಿ, ಇದು ನಾ ಒಯ್ಲೇನ್ರಿ?" ಅಂತ ಕೇಳಿ, ಹೂ ತೆಗೆದಿಟ್ಟು, ವಾಶರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದಳು.

"ಆ ಪಾನಾ ಇತ್ಲಾಗ ಕೊಡ್ರಿ. ಹ್ಯಾಂಗ ಕೂಡಿಸೋದು ಬಾಯಿಲೆ ಹೇಳ್ರಿ ಸಾಕು. ಕೈ ಮಾತ್ರ ಹಚ್ಚಬ್ಯಾಡ್ರಿ."

ಹೇಳಿದೆ. ಅವಳೇ ಕೂಡಿಸಿದಳು. ನಟ್ಟು ಇವತ್ತಿನವರೆಗೆ ಅಲುಗಿಲ್ಲ, ಅವಳು ಕೆಲಸ ಬಿಟ್ಟಿಲ್ಲ, ಪಾನಾ ಅವಳ ಚೀಲದಲ್ಲೇ ಇದೆ.